ಜ್ಯಾಕ್ ಮೇಲೆ ನಿಂತ ಕಾರಿನಡಿಗೆ ಹೋಗಬಹುದೇ?

ಕಾರಿನೊಂದಿಗೆ ಬಂದ ಜ್ಯಾಕ್‌ನಿಂದಲೇ ಗಾಡಿಯನ್ನು ಎತ್ತಿ, ಅಡಿಯಲ್ಲಿ ಮಲಗಿ ಎಂಜಿನ್ ಆಯಿಲ್ ಬದಲಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಆ ಜ್ಯಾಕ್ ಇರುವುದು ಚಕ್ರ ಬದಲಿಸುವಷ್ಟು ಹೊತ್ತಿಗೆ ಮಾತ್ರ. ಹಳೆಯ ಆಯಿಲ್ ಹೊರಬಿಡಲು ಬಿಚ್ಚಬೇಕಾದ, ಬಿಗಿದುಕೊಂಡ ಡ್ರೈನ್ ಬೋಲ್ಟನ್ನು ಸ್ಪ್ಯಾನರ್ ಹಾಕಿ ಜಗ್ಗಿದಾಗ ಇಡೀ ಗಾಡಿ ಅಲುಗಿ, ಜ್ಯಾಕಿನ ಕಿರಿದಾದ ತಲೆ ಜಾರಿಬಿಡಬಹುದು. ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನೆಲದ ಮೇಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟು, ಎತ್ತಿದ ಮೇಲೆ ಕಾರಿನ ಕೈಪಿಡಿ ತೋರಿಸುವ ಜಾಗಗಳಲ್ಲಿ ಭಾರಕ್ಕೆ ತಕ್ಕ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಲೋಹದ ಆಧಾರಗಳಾದ ಜ್ಯಾಕ್ ಸ್ಟ್ಯಾಂಡ್‌ಗಳನ್ನಿಟ್ಟು, ಅವುಗಳ ಮೇಲೆ ಕಾರನ್ನು ನಿಧಾನವಾಗಿ ಇಳಿಸಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್‌ಗಳನ್ನು ನಂಬಬೇಡಿ. ಅವು ಯಾವ ಸೂಚನೆಯನ್ನೂ ಕೊಡದೆ ಸೀಳಬಹುದು. ಅಡಿಗೆ ಹೋಗುವ ಮುನ್ನ ಪಕ್ಕದಿಂದ ತಳ್ಳಿ, ಕಾರು ಅಲುಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ನಾನಂತೂ ಸ್ಟೆಪ್ನಿಯನ್ನೂ ಬಾಗಿಲಿನ ಕೆಳಗೆ ಅಡ್ಡಲಾಗಿ ತಳ್ಳಿಟ್ಟ ಮೇಲೆಯೇ ಮಲಗುತ್ತೇನೆ.