ವಿದೇಶಕ್ಕೆ ಹೋದವರಲ್ಲಿ ಕೆಲವರು ಅಲ್ಲೇ ಒಗ್ಗಿಕೊಳ್ಳುತ್ತಾರೆ, ಕೆಲವರು ಏಳೇ ತಿಂಗಳಿಗೆ ವಾಪಸ್ ಬರುತ್ತಾರೆ. ಯಾಕೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ, ಹೆಂಡತಿ ಮತ್ತು ನಾಲ್ಕು ವರ್ಷದ ಮಗಳ ಜೊತೆ ಹೊರಟಿದ್ದೀರಿ. ನಿಮ್ಮ ಆಫೀಸಿನಿಂದ ಈ ಹಿಂದೆ ಹೋದ ಇಬ್ಬರಲ್ಲಿ ಒಬ್ಬರು ಅಲ್ಲೇ ಮನೆ ಕೊಂಡರು, ಇನ್ನೊಬ್ಬರು ಏಳು ತಿಂಗಳಿಗೆ ಗಂಟುಮೂಟೆ ಕಟ್ಟಿದರು. ಇಬ್ಬರೂ ಸಮಾನ ಬುದ್ಧಿವಂತರು, ಹಾಗಾದರೆ ವ್ಯತ್ಯಾಸ ಎಲ್ಲಿ ಅಂತ ಕೇಳಿದ್ದೀರಿ. ಟ್ಯಾಕ್ಸು, ಮೀಟಿಂಗು, ಚಳಿಗೆ ಎಂಥ ಜಾಕೆಟ್ಟು, ಎಲ್ಲದರ ಬಗ್ಗೆಯೂ ಪ್ರಶ್ನೆ ಇದೆ. ಹೆಂಡತಿ ಬಗ್ಗೆ ಇರುವುದು ಎರಡೇ ಪದ: 'ಜೊತೆಗೆ ಬರ್ತಾಳೆ'.

ನಾನು ಹಾಗೆ ಜೊತೆಗೆ ಹೋದವಳು. 2013ರ ಅಕ್ಟೋಬರ್‌ನಲ್ಲಿ ಹನುಮಂತನಗರದಿಂದ ಅದೇ ಊರಿಗೆ ಹೋದೆ, 2018ರಲ್ಲಿ ವಾಪಸ್ ಬಂದೆ. ಅದಕ್ಕೆ ಮುಂಚೆ ಏಳು ವರ್ಷ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದ್ದೆ. ಈಗ ಬೆಂಗಳೂರಿಗೆ ಕೆಲಸದ ಮೇಲೆ ಬರುವ ಹೊರದೇಶದ ಕುಟುಂಬಗಳಿಗೆ ಮನೆ ಹುಡುಕಿಕೊಡುವುದು, ಶಾಲೆ ತೋರಿಸುವುದು, ರಿಜಿಸ್ಟ್ರೇಷನ್ ಮಾಡಿಸುವುದು ನನ್ನ ಕೆಲಸ. ಹಾಗಾಗಿ ಈ ವಿಷಯವನ್ನು ಎರಡೂ ದಡದಿಂದ ನೋಡಿದ್ದೇನೆ.

ನಾನು ಕಂಡ ಹಾಗೆ, ಯಾರು ಉಳಿಯುತ್ತಾರೆ ಯಾರು ಓಡಿ ಬರುತ್ತಾರೆ ಅನ್ನುವುದು ಆಫೀಸಿನಲ್ಲಿ ತೀರ್ಮಾನ ಆಗುವುದಿಲ್ಲ. ಬೆಳಗ್ಗೆ ಹನ್ನೊಂದು ಗಂಟೆಗೆ, ಗಂಡ ಕೆಲಸಕ್ಕೆ ಹೋದ ಮೇಲೆ, ಮನೆಯಲ್ಲಿ ಉಳಿದವರು ಏನು ಮಾಡುತ್ತಾರೆ ಅನ್ನುವುದರ ಮೇಲೆ ಆಗುತ್ತದೆ. ನಿಮಗೆ ಅಲ್ಲಿ ಕೂರಲು ಕುರ್ಚಿ ಕಾದಿರುತ್ತದೆ, ಊಟಕ್ಕೆ ಕರೆಯುವ ಸಹೋದ್ಯೋಗಿಗಳು ಇರುತ್ತಾರೆ, ಇಂಗ್ಲಿಷ್ ನಡೆಯುತ್ತದೆ. ಆಡುಗೋಡಿಯ ಆಫೀಸಿನಲ್ಲಿ ಬಿಡಿಸುತ್ತಿದ್ದ ಲೆಕ್ಕವನ್ನೇ ಅಲ್ಲಿ ಕೂತು ಬಿಡಿಸುತ್ತೀರಿ. ನಿಮ್ಮ ಮನೆಯವರಿಗೆ ಇದ್ಯಾವುದೂ ಇಲ್ಲ. ಅವರ ಕೆಲಸ, ಅಮ್ಮನ ಮನೆ, ತರಕಾರಿ ಗಾಡಿ, ಆಟೋದವನ ಜೊತೆ ಜಗಳ, ಎಲ್ಲ ಒಂದೇ ದಿನ ಕೆಂಪೇಗೌಡ ಏರ್‌ಪೋರ್ಟಿನಲ್ಲಿ ಉಳಿದುಬಿಡುತ್ತದೆ.

ಇದು ನನ್ನ ಗೋಳು ಮಾತ್ರ ಅಂದುಕೊಳ್ಳಬೇಡಿ. 1980ರ ದಶಕದ ಆರಂಭದಲ್ಲೇ ರೋಸಲಿ ಟಂಗ್ ಎಂಬ ವಿದ್ವಾಂಸೆ, ಹೊರದೇಶಕ್ಕೆ ಕಳಿಸಿದವರು ಅರ್ಧಕ್ಕೇ ವಾಪಸ್ ಬರಲು ಏನು ಕಾರಣ ಅಂತ ಕಂಪನಿಗಳನ್ನೇ ಕೇಳಿದ್ದರು. ಅಮೆರಿಕದ ಕಂಪನಿಗಳು ಕೊಟ್ಟ ಮೊದಲ ಕಾರಣ, ಸಂಗಾತಿ ಒಗ್ಗಿಕೊಳ್ಳಲಿಲ್ಲ ಅನ್ನುವುದು. ಜಪಾನಿನವರ ಪಟ್ಟಿಯಲ್ಲಿ ಮಾತ್ರ ಕೆಲಸದ ದೊಡ್ಡ ಹೊಣೆ ಹೊರಲಾಗದ್ದು ಮೊದಲು ಬಂತು. 1991ರಲ್ಲಿ ಬ್ಲ್ಯಾಕ್, ಮೆಂಡನ್‌ಹಾಲ್, ಓಡೌ ಎಂಬ ಮೂವರು ಒಗ್ಗಿಕೊಳ್ಳುವುದು ಒಂದೇ ಕೆಲಸವಲ್ಲ, ಮೂರು ಅಂತ ಬಿಡಿಸಿಟ್ಟರು: ಕೆಲಸಕ್ಕೆ ಒಗ್ಗುವುದು, ಅಲ್ಲಿನ ಜನರ ಜೊತೆ ಒಡನಾಡುವುದು, ದಿನದ ಬದುಕಿಗೆ ಒಗ್ಗುವುದು. ಒಂದರಲ್ಲಿ ಪಾಸಾದವರು ಇನ್ನೊಂದರಲ್ಲಿ ಫೇಲ್ ಆಗಬಹುದು. ನಮ್ಮವರು ಮೊದಲನೆಯದರಲ್ಲಿ ಆರು ವಾರಕ್ಕೇ ಪಾಸಾದರು. ನಾನು ಮೂರನೆಯದರಲ್ಲಿ ಮೆಟ್ಟಿಲ ಮೇಲೇ ಮುಗ್ಗರಿಸಿದೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಮೆಟ್ಟಿಲ ವಿಷಯದಲ್ಲೇ.

ಹೋಗಿ ಮೂರನೇ ವಾರ. ಸಂಜೆ ಬಂದು ನೋಡಿದರೆ ನಮ್ಮ ಮನೆ ಬಾಗಿಲಿನ ಹಿಡಿಗೆ ಪುಟ್ಟ ಮರದ ಬೋರ್ಡು ನೇತುಹಾಕಿದ್ದಾರೆ. ಪೊರಕೆಯ ಚಿತ್ರ, ಕೆಳಗೊಂದು ಉದ್ದದ ಪದ. ಅಕ್ಟೋಬರ್ ಕೊನೆ. "ಹ್ಯಾಲೋವೀನ್ ಅಲ್ವಾ, ಮಾಟಗಾತಿ ಪೊರಕೆ ಇರಬೇಕು" ಅಂದರು ನಮ್ಮವರು. ನಮ್ಮನ್ನೂ ಹಬ್ಬಕ್ಕೆ ಸೇರಿಸಿಕೊಂಡರಲ್ಲ ಅಂತ ಖುಷಿಯಾಗಿ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಬೋರ್ಡು ಎರಡು ವಾರ ಅಲ್ಲೇ ನೇತಾಡಿತು. ಆಮೇಲೆ ಒಂದು ದಿನ ಬಾಗಿಲ ಸಂದಿಯಲ್ಲಿ ಚೀಟಿ. ಕೈಬರಹ, ಒಂದಕ್ಷರ ಗೊತ್ತಾಗುವುದಿಲ್ಲ, ಆದರೆ ಒಂದು ಪದಕ್ಕೆ ಕೆಳಗೆ ಎರಡು ಗೆರೆ ಎಳೆದಿದ್ದರು. ಆ ಎರಡು ಗೆರೆ ನೋಡಿ ನಾನು ಏನೇನೋ ಓದಿಕೊಂಡೆ. ನಮ್ಮ ಒಗ್ಗರಣೆ ವಾಸನೆ, ನಮ್ಮ ಬಣ್ಣ, ಕುಕ್ಕರ್ ವಿಷಲ್ಲು. ನಮ್ಮವರು "ಇರಲಿ ಬಿಡು, ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಅಂದರು.

ಹತ್ತು ದಿನ ಆ ಚೀಟಿ ನನ್ನ ಪರ್ಸಿನಲ್ಲಿತ್ತು. ಅಷ್ಟರಲ್ಲಿ ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ಊರೂರಲ್ಲೂ ವಯಸ್ಕರಿಗಾಗಿ ನಡೆಯುವ ಶಾಲೆಯಲ್ಲಿ, ಜರ್ಮನ್ ಕ್ಲಾಸಿಗೆ ಸೇರಿದ್ದೆ. ಟೀಚರ್‌ಗೆ ತೋರಿಸಿದೆ. ಅವರು ಓದಿ ನಕ್ಕುಬಿಟ್ಟರು. 'ಈ ವಾರ ಮೆಟ್ಟಿಲು ಗುಡಿಸುವ ಸರದಿ ನಿಮ್ಮದು, ಬಕೆಟ್ಟು ಇಲ್ಲದಿದ್ದರೆ ನನ್ನ ಹತ್ತಿರ ಇದೆ, ಬೆಲ್ ಮಾಡಿ.' ಎರಡು ಗೆರೆ ಎಳೆದಿದ್ದ ಪದ, 'ದಯವಿಟ್ಟು'. ಆ ಕಡೆ, ಸ್ವಾಬಿಯಾ ಸೀಮೆಯಲ್ಲಿ, ಇದಕ್ಕೆ ಕೇರ್‌ವೊಖೆ ಅಂತಾರೆ, ಗುಡಿಸುವ ವಾರ. ವಠಾರದ ಮನೆಗಳು ಸರದಿಯಂತೆ ಮೆಟ್ಟಿಲು, ಮುಂಬಾಗಿಲು ಸ್ವಚ್ಛ ಮಾಡಿ ಬೋರ್ಡನ್ನು ಪಕ್ಕದವರ ಬಾಗಿಲಿಗೆ ದಾಟಿಸಬೇಕು. ಟೀಚರ್ ಇನ್ನೊಂದು ಮಾತು ಹೇಳಿದರು: "ಇಲ್ಲಿ ನಿಜವಾಗಿ ಸಿಟ್ಟು ಬಂದವರು ಓನರ್‌ಗೆ ಪತ್ರ ಬರೀತಾರೆ. ಈಕೆ ನಿಮಗೆ ಬರೆದಿದ್ದಾರೆ."

ಯೋಚನೆ ಮಾಡಿ, ದಿನಾ ಬೆಳಗ್ಗೆ ಅಂಗಳ ಗುಡಿಸಿ ರಂಗೋಲಿ ಇಡುವ ಮನೆಯಿಂದ ಬಂದವಳನ್ನು ಕೆಳಗಿನ ಮನೆ ಅಜ್ಜಿ ಗುಡಿಸೋಕೆ ಬಾರದವಳು ಅಂದುಕೊಂಡಿತ್ತು! ಅವತ್ತೇ ಹೋಗಿ ಬೆಲ್ ಮಾಡಿ ಬಕೆಟ್ ಇಸಕೊಂಡೆ. ಅಜ್ಜಿ ಮೇಲೆ ನಿಂತು ಮೂಲೆ ಮೂಲೆ ತೋರಿಸಿತು. ಇದರಿಂದ ನಮಗೇನೂ ದೊಡ್ಡ ಸ್ನೇಹ ಬೆಳೆಯಲಿಲ್ಲ, ಐದು ವರ್ಷದಲ್ಲಿ ಒಂದು ಸಲವೂ ಒಳಗೆ ಕರೆದು ಕಾಫಿ ಕೊಡಲಿಲ್ಲ. ಆದರೆ ಅಲ್ಲಿಂದಾಚೆಗೆ ಮೆಟ್ಟಿಲಲ್ಲಿ ಸಿಕ್ಕರೆ ಹೆಸರು ಹಿಡಿದು ಮಾತಾಡಿಸುತ್ತಿತ್ತು. ಹೆಸರು ಅಂದರೆ ನನ್ನ ಹೆಸರಲ್ಲ. ನಮಗೆಲ್ಲಿ ಸರ್‌ನೇಮ್? ಇನಿಷಿಯಲ್ ಬಿಡಿಸಿ ಪಾಸ್‌ಪೋರ್ಟಿಗೆ ಹಾಕಿದ್ದು ನಮ್ಮ ಮಾವನವರ ಹೆಸರನ್ನು. ಡಾಕ್ಟರ್ ಶಾಪಿನಲ್ಲಿ 'ಫ್ರಾವ್', ಅಂದರೆ ಶ್ರೀಮತಿ, ಅಂತ ಹಚ್ಚಿ ಮಾವನವರ ಹೆಸರು ಕೂಗಿದರೆ ನಾನು ಎದ್ದು ಹೋಗಬೇಕು. ಬಾಯಲ್ಲಿ ಹೇಳಬಾರದು ಅಂತ ಅತ್ತೆ ಕಲಿಸಿದ್ದ ಹೆಸರು!

ಇಷ್ಟುದ್ದ ಕಥೆ ಯಾಕೆ ಹೇಳಿದೆ ಅಂದರೆ, ಹೊರಡುವಾಗ ನಮ್ಮವರ ಆಫೀಸು ಬ್ಯಾಂಕು, ಇನ್ಶೂರೆನ್ಸು, ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸುವುದು, ಎಲ್ಲವನ್ನೂ ಹೇಳಿಕೊಟ್ಟಿತ್ತು. ಅವರಿಗೆ. ಬೋರ್ಡು ನೇತುಹಾಕಿದ ಬಾಗಿಲ ಹಿಂದೆ ದಿನವಿಡೀ ಇರುವವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಇನ್ನು ಆ 'ಅಡ್ಜಸ್ಟ್'. ನಾವು ಬೆಂಗಳೂರಿನವರು ಅದರಲ್ಲಿ ನಿಸ್ಸೀಮರು ಅಂತ ಹೆಮ್ಮೆ. ಆದರೆ ನಮ್ಮ ಅಡ್ಜಸ್ಟ್ ಅಂದರೆ ಬಸ್ಸಿನ ಸೀಟಿನಲ್ಲಿ ಒತ್ತಿಕೊಂಡು ಕೂತು ಇಳಿಯುವ ಸ್ಟಾಪ್ ಬರುವ ತನಕ ಸಹಿಸುವುದು. ಕೇಳುವುದಲ್ಲ. ನಾನು ನೋಡಿದವರಲ್ಲಿ ಸೋತು ಬಂದ ಬಹುಪಾಲು ಜನ ಸಹನೆ ಇಲ್ಲದವರೇನೂ ಅಲ್ಲ, ಅತಿಯಾಗಿ ಸಹಿಸಿದವರು. ನಮ್ಮವರ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಎಲ್ಲದಕ್ಕೂ 'ಆಗುತ್ತೆ' ಅನ್ನುತ್ತಿದ್ದ. ನಮ್ಮಲ್ಲಿ 'ಆಗುತ್ತೆ' ಅಂದರೆ ನೋಡೋಣ, 'ನೋಡೋಣ' ಅಂದರೆ ಆಗಲ್ಲ, ಅದು ಇಬ್ಬರಿಗೂ ಗೊತ್ತು. ಅಲ್ಲಿ 'ಆಗುತ್ತೆ' ಅಂದರೆ ಶುಕ್ರವಾರಕ್ಕೆ ಆಗಿರಬೇಕು. ಆಗಲಿಲ್ಲ. ಕೆಲಸ ತಡವಾದದ್ದಕ್ಕಿಂತ, ಮಂಗಳವಾರವೇ ಗೊತ್ತಿದ್ದೂ ಹೇಳಲಿಲ್ಲ ಅನ್ನುವುದು ಅವರಿಗೆ ದೊಡ್ಡ ತಪ್ಪಾಗಿ ಕಂಡಿತು. ಮೂರು ಸಲ ಹೀಗಾದ ಮೇಲೆ ಅವನ ಮೇಲೆ ನಂಬಿಕೆ ಹೋಯಿತು, ಅವನಿಗೆ ಅವಮಾನವಾಯಿತು, ಎಂಟನೇ ತಿಂಗಳಿಗೆ ಯಲಹಂಕದಲ್ಲಿದ್ದ. ಬುದ್ಧಿಯಲ್ಲಿ ಅವನು ಎಲ್ಲರಿಗಿಂತ ಮುಂದಿದ್ದ.

ಇದೇ ಆಟ ಬೆಂಗಳೂರಿನಲ್ಲಿ ತಿರುಗುಮುರುಗಾಗಿ ನಡೆಯುತ್ತದೆ. ಇಲ್ಲಿಗೆ ಬಂದ ಮ್ಯಾನೇಜರುಗಳು 'ಬಂದೆ ಸಾರ್, ದಾರೀಲಿದೀನಿ' ಅಂದ ಪ್ಲಂಬರ್‌ನನ್ನು ನಂಬಿ ಇಡೀ ಶನಿವಾರ ಕಾದು ಕೂರುತ್ತಾರೆ. ವೈಟ್‌ಫೀಲ್ಡಿನ ಗೇಟೆಡ್ ಲೇಔಟಿನಲ್ಲಿ ಡ್ರೈವರು, ಕ್ಲಬ್ಬು, ಇಂಟರ್‌ನ್ಯಾಷನಲ್ ಸ್ಕೂಲು ಎಲ್ಲ ಇಟ್ಟುಕೊಂಡು ಮೂರು ವರ್ಷ ಇದ್ದು, ಒಮ್ಮೆಯೂ ಕಾಲ್ನಡಿಗೆಯಲ್ಲಿ ರಸ್ತೆ ದಾಟದೆ ಹೋದವರು ನನಗೆ ಗೊತ್ತು. ಮನೆ ಚಿಕ್ಕದಾಗಿದ್ದರೂ ಪರವಾಗಿಲ್ಲ, ಅಂಗಡಿಗೆ ನಡೆದುಹೋಗುವ ಹಾಗಿರಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮಾತು ಕೇಳುವವರು ಕಡಿಮೆ.

ಕೇಳಿದವರೊಬ್ಬರು ಜಪಾನಿನ ಗೃಹಿಣಿ. ಗಂಡ ಬೆಳಗ್ಗೆ ಆರೂವರೆಗೆ ಬಿಡದಿ ಕಡೆ ಹೊರಟರೆ ರಾತ್ರಿಯೇ ಬರುವುದು. ಈಕೆ ಪ್ರತಿ ಗುರುವಾರ ನೋಟ್‌ಬುಕ್ ಹಿಡಿದು ಗಾಂಧಿ ಬಜಾರಿಗೆ ಬರುತ್ತಿದ್ದರು. ಹೂವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ ಅಂತ ಬರೆದುಕೊಂಡರು. ಮುಂದಿನ ವಾರ ಹೂವಿನಮ್ಮನ ಮುಂದೆ ತಮ್ಮ ಮೊಳಕೈ ಚಾಚಿ, ಯಾರ ಕೈ ಮೊಳ ಅಂತ ನನ್ನಿಂದ ಕೇಳಿಸಿದರು. ಈಕೆಯ ಕೈ ಚಿಕ್ಕದು, ಹೂವಿನಮ್ಮ ಮೊಳ ಹಾಕುವಾಗ ಬೆರಳು ಮಡಿಸಿಕೊಳ್ಳುವುದರಿಂದ ಆಕೆಯದು ಇನ್ನೂ ಚಿಕ್ಕದು! ಹೂವಿನಮ್ಮ "ಅಯ್ಯೋ, ಇವಮ್ಮ ಬಲು ಚಾಲೂಕು" ಅಂತ ನಕ್ಕು ಒಂದು ಗೇಣು ಜಾಸ್ತಿ ಕೊಟ್ಟರು. ಅಲ್ಲಿಂದ ನನ್ನ ಅಗತ್ಯ ಬೀಳಲಿಲ್ಲ. ಎರಡು ವರ್ಷಕ್ಕೆ ಅಂತ ಬಂದವರು ಐದು ವರ್ಷ ಇದ್ದರು. ಆಕೆಗೆ ಬರುತ್ತಿದ್ದ ಕನ್ನಡ ಮೂವತ್ತು ಪದ ಇರಬಹುದು. 'ಸಾಕು', 'ಬೇಡ', 'ಜಾಸ್ತಿ ಆಯ್ತು' ಅದರಲ್ಲಿದ್ದವು.

ಭಾಷೆ ವಿಷಯಕ್ಕೆ ಬಂದೆ. ನಿಮ್ಮದು ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ಹೊರದೇಶದ ನೌಕರರಿಗೆ ಅಲ್ಲಿ ಕೊಡುವ ವಾಸದ ಪರವಾನಗಿ, ಆದರೆ, ಸಂಗಾತಿಯ ವೀಸಾಗೆ ಜರ್ಮನ್ ಪರೀಕ್ಷೆ ಬೇಕಿಲ್ಲ, ಹೋದ ದಿನದಿಂದ ಕೆಲಸ ಮಾಡುವ ಹಕ್ಕೂ ಇದೆ. ಎರಡನೆಯದು ದೊಡ್ಡ ಅನುಕೂಲ. ಅಮೆರಿಕಕ್ಕೆ ಎಚ್4 ವೀಸಾದಲ್ಲಿ, ಅಂದರೆ ಕೆಲಸಕ್ಕೆ ಹೋದವರ ಸಂಗಾತಿಗೆ ಕೊಡುವ ವೀಸಾದಲ್ಲಿ, ಹೋದ ನನ್ನ ಗೆಳತಿಯರಿಗೆ 2015ರ ತನಕ ಕೆಲಸದ ಅನುಮತಿಯೇ ಇರಲಿಲ್ಲ, ಆಮೇಲೂ ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿದವರಿಗೆ ಮಾತ್ರ ಸಿಕ್ಕಿತು. ಆದರೆ ಮೊದಲನೆಯ ವಿನಾಯಿತಿ ಇದೆಯಲ್ಲ, ಅದು ನನ್ನ ಪ್ರಕಾರ ಹಳ್ಳ. ಪರೀಕ್ಷೆ ಇಲ್ಲ ಅಂತ ಯಾರೂ ಕಲಿಯದೆ ಹೋಗುತ್ತಾರೆ, ನಾನೂ ಹಾಗೇ ಹೋದೆ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಮೊದಲ ಹಂತಕ್ಕೆ ಇಬ್ಬರೂ ಸೇರಿ. ಒಬ್ಬರಿಗೇ ಟೈಮ್ ಇರುವುದಾದರೆ ನೀವು ಬಿಡಿ, ಅವರನ್ನು ಕಳಿಸಿ.

ಮಗಳ ಚಿಂತೆ ಸದ್ಯಕ್ಕೆ ಬಿಡಿ. ಅಲ್ಲಿ ಮಕ್ಕಳನ್ನು ಕಿಂಡರ್‌ಗಾರ್ಟನ್‌ಗೆ ಒಗ್ಗಿಸುವುದಕ್ಕೇ ಒಂದು ಕ್ರಮ ಇದೆ. ಮೊದಲ ಕೆಲವು ದಿನ ಅಪ್ಪನೋ ಅಮ್ಮನೋ ಮೂಲೆಯಲ್ಲಿ ಸುಮ್ಮನೆ ಕೂತಿರಬೇಕು, ಆಮೇಲೆ ಸ್ವಲ್ಪ ಹೊತ್ತು ಹೊರಗೆ ಹೋಗಿ ಬರಬೇಕು, ಹೀಗೆ ಹೊತ್ತು ಹೆಚ್ಚಿಸುತ್ತಾ ವಾರಗಟ್ಟಲೆ. ಅಲ್ಲಿ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿಕೊಂಡು ಕೂತು, ನನ್ನ ಮಗ ಮರಳಲ್ಲಿ ಆಡುವುದನ್ನು ನೋಡುತ್ತಾ, ನನಗೂ ಯಾರಾದರೂ ಹೀಗೆ ಮೂಲೆಯಲ್ಲಿ ಕೂತಿರಬಾರದಿತ್ತೇ ಅನಿಸಿದ್ದು ಸುಳ್ಳಲ್ಲ. ಹಾಗೆ ಕೂರಲು ಬೇಕಾದ ರಜೆಯನ್ನು ನೀವು ತಗೊಳ್ಳಿ. ಹೆಂಡತಿ ಕ್ಲಾಸಿಗೆ ಹೋಗಲಿ.

ಡಿಸೆಂಬರ್ ಕಷ್ಟ. ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ, ಬೆಳಗ್ಗೆ ಎಂಟು ದಾಟಿದ ಮೇಲೆ ಹುಟ್ಟುತ್ತಾನೆ, ಭಾನುವಾರ ಅಂಗಡಿ ಮುಚ್ಚಿರುತ್ತವೆ. ಹೊಸ ದೇಶದ ಸಂಭ್ರಮ ಇಳಿದು ಎಲ್ಲದರ ಮೇಲೂ ಸಿಡಿಮಿಡಿ ಶುರುವಾಗುವುದು ಸಾಮಾನ್ಯವಾಗಿ ಆ ಹೊತ್ತಿಗೇ. ಕಾಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ ಕಲ್ಚರ್ ಶಾಕ್ ಅಂತ ವಿವರಿಸಿದ್ದು ಇದನ್ನೇ. ಆ ಸಮಯದಲ್ಲಿ 'ವಾಪಸ್ ಹೋಗೋಣ' ಅನ್ನುವ ಮಾತು ಬಂದೇ ಬರುತ್ತದೆ. ನಾವು ಒಂದು ಒಪ್ಪಂದ ಮಾಡಿಕೊಂಡಿದ್ದೆವು: ನವೆಂಬರ್‌ನಿಂದ ಫೆಬ್ರವರಿ ತನಕ ಆ ವಿಷಯ ಮಾತಾಡುವಂತಿಲ್ಲ, ಏಪ್ರಿಲ್‌ನಲ್ಲಿ ಮಾತಾಡೋಣ. ಏಪ್ರಿಲ್ ಬಂದಾಗ ಮರೆತೇ ಹೋಗಿತ್ತು.

ನೂರಕ್ಕೆ 40 ಜನ ಸೋತು ಬರುತ್ತಾರೆ ಅಂತ ಎಲ್ಲಾದರೂ ಓದಿದರೆ ಹೆದರಬೇಡಿ. ಆನ್-ವಿಲ್ ಹಾರ್ಜಿಂಗ್ ಎಂಬ ಸಂಶೋಧಕಿ 1995ರಲ್ಲೇ ಆ ಅಂಕಿಯ ಬೆನ್ನು ಹತ್ತಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿ ಬರೆದದ್ದು ಬಿಟ್ಟರೆ ಗಟ್ಟಿ ಆಧಾರ ಇಲ್ಲ ಅಂತ ತೋರಿಸಿದ್ದಾರೆ. ಅಷ್ಟಕ್ಕೂ ಸೋಲು ಅಂದರೆ ಯಾವುದು? ನಮ್ಮ ಪರಿಚಯದ ಒಬ್ಬರು ನಾಗರಭಾವಿಯ ಮನೆ ಸಾಲ ತೀರಿಸಬೇಕು ಅಂತಲೇ ಬಂದು, ರೂಮು ಹಂಚಿಕೊಂಡು, ಸಾರು ಅನ್ನ ಮಾಡಿಕೊಂಡು, ಎರಡು ವರ್ಷಕ್ಕೆ ಸರಿಯಾಗಿ ವಾಪಸ್ ಹೋದರು. ಜರ್ಮನ್ ಒಂದು ಪದ ಕಲಿಯಲಿಲ್ಲ. ಅವರು ಗೆದ್ದವರು ಅಂತಲೇ ನನ್ನ ಎಣಿಕೆ. ಹತ್ತು ವರ್ಷದಿಂದ ಅಲ್ಲೇ ಇದ್ದು, ಮೈ ಅಲ್ಲಿ ವಾಟ್ಸಾಪ್ ಇಲ್ಲಿ ಇಟ್ಟುಕೊಂಡು, ದಿನಾ ಎರಡೂ ದೇಶ ಬೈಯುವವರೂ ಇದ್ದಾರೆ. ಅವರು ಯಾರ ಲೆಕ್ಕದಲ್ಲೂ ಸೋತವರಲ್ಲ, ವಾಪಸ್ ಬಂದಿಲ್ಲವಲ್ಲ.

ವಾಪಸ್ ಬಂದಾಗಲೂ ಒಗ್ಗಿಕೊಳ್ಳಬೇಕು, ಅದಕ್ಕೆ ಯಾರೂ ತಯಾರಿ ಮಾಡಿಕೊಳ್ಳುವುದಿಲ್ಲ. 2018ರಲ್ಲಿ ಬಂದ ಹೊಸತರಲ್ಲಿ, ಪಕ್ಕದ ಸೈಟಿನವರು ಭಾನುವಾರ ಮಧ್ಯಾಹ್ನ ಡ್ರಿಲ್ಲಿಂಗ್ ಮಾಡಿದರೆ ಜಗಳಕ್ಕೆ ಹೋಗುತ್ತಿದ್ದೆ. "ಬಂದು ಮೂರು ತಿಂಗಳಾಯ್ತು, ಇನ್ನೂ ನಿನ್ನ ಜರ್ಮನಿ ಇಳಿಲಿಲ್ವೇನೇ?" ಅನ್ನುತ್ತಿದ್ದರು ಅಮ್ಮ.

ಒಂದು ಕೆಲಸ ಮಾಡಿ. ಟಿಕೆಟ್ ತೆಗೆಯುವ ಮುಂಚೆ ಈ ಪ್ರಶ್ನೆಯನ್ನು ನಿಮ್ಮ ಮನೆಯವರ ಕೈಯಲ್ಲಿ ಇನ್ನೊಂದು ಸಲ ಬರೆಸಿ, ಅವರಿಗೆ ಏನು ಕೇಳಬೇಕೋ ಅದನ್ನೇ ಕೇಳಲಿ. ಅವರಿಗೆ ಬೇರೆಯೇ ಉತ್ತರ ಬರೆಯುತ್ತೇನೆ. ಅಷ್ಟರಲ್ಲಿ ಮನೆ ಸಿಕ್ಕಿ ಹೊರಟೇಬಿಟ್ಟರೆ, ಬಾಗಿಲಿಗೆ ಪೊರಕೆಯ ಬೋರ್ಡು ಕಂಡ ದಿನ ಫೋಟೋ ತೆಗೆಯುತ್ತಾ ನಿಲ್ಲಬೇಡಿ, ಬಕೆಟ್ಟು ತಗೊಳ್ಳಿ.