14 ಚಾಲಕ ಚಕ್ರಗಳ ಸೋವಿಯತ್ ಉಗಿ ಎಂಜಿನ್ ಎಎ20 ಯಾಕೆ ಸೋತಿತು?

ಉದ್ದ ಜಾಸ್ತಿಯಾಗಿ, ತಿರುವಿನಲ್ಲಿ ಹಳಿಗಳನ್ನೇ ಅಗಲಿಸಿಬಿಡುತ್ತಿತ್ತು, ಅದಕ್ಕೆ. 1934ರಲ್ಲಿ ಕಟ್ಟಿದ ಈ ಎಂಜಿನ್‌ಗೆ ಒಂದೇ ಚೌಕಟ್ಟಿನಲ್ಲಿ ಏಳು ಜೋಡಿ ಚಾಲಕ ಚಕ್ರ, ಅಂದರೆ ಉಗಿಯ ಬಲದಿಂದ ತಿರುಗಿ ರೈಲು ಎಳೆಯುವಂಥವು. ಹಳಿ ದುರ್ಬಲ, ಎಳೆಯಬೇಕಾದ ರೈಲು ಭಾರಿ. ಎಂಜಿನ್ನಿನ ತೂಕವನ್ನು ಹೆಚ್ಚು ಅಚ್ಚುಗಳಿಗೆ ಹಂಚಿದರಾಯಿತು ಎಂಬುದು ಲೆಕ್ಕ. ಕಾಗದದ ಮೇಲೇನೋ ಸರಿಯೇ.

ಆದರೆ ತಿರುವಿನಲ್ಲಿ ಹಳಿ ಬಾಗಿರುತ್ತದೆ, ಚೌಕಟ್ಟು ಬಾಗುವುದಿಲ್ಲ. ಉದ್ದದ ಏಣಿ ಹೊತ್ತು ಓಣಿಯ ಮೂಲೆ ತಿರುಗಿದ ಹಾಗೆ. ಚಕ್ರ ಹಳಿಯಿಂದ ಜಾರದಂತೆ ಒಳಬದಿಯಲ್ಲಿ ಒಂದು ಏಣು ಇರುತ್ತದಲ್ಲ, ತಿರುವಿನಲ್ಲಿ ಸಿಕ್ಕಿಕೊಳ್ಳದಿರಲೆಂದು ನಡುವಿನ ಕೆಲವು ಚಕ್ರಗಳಿಗೆ ಅದನ್ನೇ ಇಡದೆ ಬಿಟ್ಟಿದ್ದರು, ಸಾಲಲಿಲ್ಲ. ಪಾಯಿಂಟ್ಸ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳಿಸುವ ಕೂಡುಹಳಿ, ಕೆಡಿಸಿತು, ಹಳಿ ತಪ್ಪಿತು. 1935ರಲ್ಲಿ ಮಾಸ್ಕೋದಲ್ಲಿ ಮೆರೆದದ್ದಷ್ಟೇ ಬಂತು. ಆಮೇಲೆ ಮೂಲೆ ಸೇರಿ, 1960ರಲ್ಲಿ ಗುಜರಿಗೆ ಹೋಯಿತು.