ಎಸ್‌ಎಸ್‌ಡಿ ಹಾಕಿದ ಮೇಲೆ ವೈಫೈ ಹೆಸರು ಬದಲಾಗಿದೆ, ಏನು ಮಾಡಲಿ?

ಪ್ರಶ್ನೆ: ಮಂಡ್ಯದ ನೂರಡಿ ರಸ್ತೆಯಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಉಬುಂಟು (ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ) ಇರುವ ಕಂಪ್ಯೂಟರಿಗೆ ಎನ್‌ವಿಎಂಇ ಎಸ್‌ಎಸ್‌ಡಿ, ಅಂದರೆ ವೇಗದ ಶೇಖರಣಾ ಡ್ರೈವ್, ಹಾಕಿಸಿದೆ. ಆಮೇಲೆ ವೈಫೈ ಇಂಟರ್‌ಫೇಸ್ ಹೆಸರು (ಕಂಪ್ಯೂಟರ್ ವೈಫೈ ಕಾರ್ಡನ್ನು ಗುರುತಿಸುವ ಹೆಸರು) ಡಬ್ಲ್ಯುಎಲ್‌ಪಿ2ಎಸ್0 ಇದ್ದದ್ದು ಡಬ್ಲ್ಯುಎಲ್‌ಪಿ3ಎಸ್0 ಆಗಿದೆ, ಫೈರ್‌ವಾಲ್ ನಿಯಮಗಳು ಅನ್ವಯವಾಗುತ್ತಿಲ್ಲ. ಹಳೆಯ ಕಾಲದ ಹಾಗೆ ಡಬ್ಲ್ಯುಲ್ಯಾನ್0 ಎಂದೇ ಕಾಯಂ ಮಾಡಬಹುದೇ?

ಉತ್ತರ: ಕಾರ್ಡಿಗೆ ಏನೂ ಆಗಿಲ್ಲ. ಆ ಹೆಸರಿನ ಪಿ3 ಪಿಸಿಐ ಬಸ್ (ಕಾರ್ಡುಗಳನ್ನು ಕಂಪ್ಯೂಟರಿಗೆ ಜೋಡಿಸುವ ಒಳಮಾರ್ಗ) ಸಂಖ್ಯೆ, ಎಸ್0 ಸ್ಲಾಟ್. ಹೊಸ ಎಸ್‌ಎಸ್‌ಡಿ ಒಂದು ಬಸ್ ಸಂಖ್ಯೆ ತೆಗೆದುಕೊಂಡಿತು, ವೈಫೈ ಕಾರ್ಡಿನ ಸಂಖ್ಯೆ ಮುಂದಕ್ಕೆ ಸರಿಯಿತು. 2013ರಲ್ಲಿ ಸಿಸ್ಟಮ್‌ಡಿ (ಲಿನಕ್ಸಿನ ಸೇವೆಗಳನ್ನು ಆರಂಭಿಸಿ ನಿಭಾಯಿಸುವ ತಂತ್ರಾಂಶ) 197ನೇ ಆವೃತ್ತಿಯಿಂದ ಬಂದ ಪದ್ಧತಿ ಇದು.

ಹೆಸರು ಕಾಯಂ ಮಾಡಬಹುದು, ಆದರೆ ದಯವಿಟ್ಟು ಡಬ್ಲ್ಯುಲ್ಯಾನ್0 ಬೇಡ. ಅದು ಕರ್ನೆಲ್ (ಲಿನಕ್ಸಿನ ತಿರುಳು) ತಾನೇ ಹಂಚುವ ಹೆಸರು. ನಾಳೆ ಯುಎಸ್‌ಬಿ ಡಾಂಗಲ್ ಸಿಕ್ಕಿಸಿದರೆ ಅದಕ್ಕೆ ಮೊದಲು ಆ ಹೆಸರು ಸಿಕ್ಕಿ, ನಿಮ್ಮ ಕಾರ್ಡಿನ ಹೆಸರು ಬದಲಾಗದೆ ಉಳಿಯಬಹುದು. ವೈಫೈ0 ಎಂದಿಡಿ. ಹೆಸರು 15 ಅಕ್ಷರ ಮೀರಬಾರದು, ನಡುವೆ ಜಾಗ ಇರಬಾರದು.

ಟರ್ಮಿನಲ್‌ನಲ್ಲಿ ಐಪಿ ಲಿಂಕ್ ಆದೇಶ ಕೊಟ್ಟು ಕಾರ್ಡಿನ ಮ್ಯಾಕ್ ವಿಳಾಸ (ಕಾರ್ಡಿನ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಪಕ್ಕದಲ್ಲಿ ಪರ್ಮ್‌ಅಡ್ರ್ ಎಂದು ಇನ್ನೊಂದು ವಿಳಾಸ ಕಂಡರೆ ಅದೇ ನಿಜವಾದದ್ದು. ಮೊದಲನೆಯದು ನೆಟ್‌ವರ್ಕ್ ಮ್ಯಾನೇಜರ್ (ಸಂಪರ್ಕಗಳನ್ನು ನಿಭಾಯಿಸುವ ತಂತ್ರಾಂಶ) ಗೋಪ್ಯತೆಗಾಗಿ ಹಾಕಿದ ತಾತ್ಕಾಲಿಕ ವಿಳಾಸ. ಇಲ್ಲಿ ಎಡವುವವರೇ ಹೆಚ್ಚು. ಬಳಿಕ ಸುಡೋ (ನಿರ್ವಾಹಕರ) ಅಧಿಕಾರದಲ್ಲಿ /ಇಟಿಸಿ/ಸಿಸ್ಟಮ್‌ಡಿ/ನೆಟ್‌ವರ್ಕ್ ಫೋಲ್ಡರಿನಲ್ಲಿ 10-ವೈಫೈ.ಲಿಂಕ್ ಎಂಬ ಫೈಲ್ ಮಾಡಿ:

[ಮ್ಯಾಚ್]
ಪರ್ಮನೆಂಟ್‌ಮ್ಯಾಕ್‌ಅಡ್ರೆಸ್=ನಿಮ್ಮ ವಿಳಾಸ
ಟೈಪ್=ಡಬ್ಲ್ಯುಲ್ಯಾನ್

[ಲಿಂಕ್]
ನೇಮ್=ವೈಫೈ0

ಇಷ್ಟನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಸಮ ಚಿಹ್ನೆಯ ಎಡಗಡೆಯ ಪ್ರತಿ ಪದದ ಮೊದಲಕ್ಷರ ದೊಡ್ಡದು, ಮ್ಯಾಕ್ ಪದದ ಮೂರೂ ಅಕ್ಷರ ದೊಡ್ಡವು. ಫೈಲ್ ಹೆಸರಿನ 10ಕ್ಕೂ ಕಾರಣವಿದೆ: ಲಿಂಕ್ ಫೈಲುಗಳನ್ನು ಹೆಸರಿನ ಅನುಕ್ರಮದಲ್ಲಿ ನೋಡಿ, ಮೊದಲು ಹೊಂದಿದ್ದನ್ನು ಮಾತ್ರ ಅನ್ವಯಿಸಲಾಗುತ್ತದೆ. ಮೂಲ ವ್ಯವಸ್ಥೆಯ ಫೈಲ್ 99ರಲ್ಲಿದೆ, ನಿಮ್ಮದು ಅದಕ್ಕಿಂತ ಮುಂಚೆ ಬರಬೇಕು. ಆ ಫೈಲನ್ನೇ ನಕಲು ಮಾಡಿ ತಿದ್ದಬೇಡಿ. ಅದರಲ್ಲಿರುವ ನೇಮ್‌ಪಾಲಿಸಿ (ಹೆಸರಿಡುವ ಕ್ರಮ) ಸಾಲು ಉಳಿದುಬಿಟ್ಟರೆ ನೀವು ಕೊಟ್ಟ ಹೆಸರು ಲೆಕ್ಕಕ್ಕೆ ಬರುವುದಿಲ್ಲ.

ಉಬುಂಟುವಿನಲ್ಲಿ ಕೊನೆಗೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಆದೇಶವನ್ನು (ಬೂಟ್ ಆರಂಭದಲ್ಲಿ ಓದುವ ಫೈಲನ್ನು ಹೊಸದು ಮಾಡುವ ಆದೇಶ) -ಯು ಸಹಿತ ಓಡಿಸಿ ರೀಬೂಟ್ ಮಾಡಿ. ಫೈರ್‌ವಾಲ್ ನಿಯಮಗಳಲ್ಲಿ, ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸಂರಚನೆ) ಫೈಲಿನಲ್ಲಿ, ಇಂಟರ್‌ಫೇಸ್ ಹೆಸರಿಗೆ ಕಟ್ಟಿದ ನೆಟ್‌ವರ್ಕ್ ಮ್ಯಾನೇಜರ್ ಸಂಪರ್ಕಗಳಲ್ಲಿ ಹಳೆ ಹೆಸರಿದ್ದರೆ ಬದಲಿಸಿ. ಇದನ್ನೆಲ್ಲ ಮನೆಯಿಂದ ಎಸ್‌ಎಸ್‌ಎಚ್ (ದೂರದಿಂದ ಕಂಪ್ಯೂಟರ್ ನಡೆಸುವ ಸಂಪರ್ಕ) ಮೂಲಕ ಮಾಡಬೇಡಿ, ಅಂಗಡಿಯಲ್ಲೇ ಕೂತು ಮಾಡಿ. ಹೆಸರು ಬದಲಾದ ಮೇಲೆ ವೈಫೈ ಎದ್ದೇಳದಿದ್ದರೆ ದೂರದಿಂದ ಒಳಗೆ ಹೋಗಲು ದಾರಿಯೇ ಇರುವುದಿಲ್ಲ.